ಒದ್ದೆ ಧಾನ್ಯ ಮೇಲಿರಲಿ, ಸಕ್ಕರೆಯ ಲೆಕ್ಕ ಮುಂದಿರಲಿ

ಅಂಗಡಿಯಲ್ಲಿ ಮಾರುವ ಪ್ಯಾಕೆಟ್ ತಿಂಡಿಯ ಮುಂಭಾಗದಲ್ಲೇ ಸಕ್ಕರೆ, ಉಪ್ಪು, ಕೊಬ್ಬಿನ ಬಗ್ಗೆ ಎಚ್ಚರಿಕೆ ಇರಬೇಕೋ ಬೇಡವೋ? ನಮ್ಮ ದೇಶದಲ್ಲಿ ಈ ಪ್ರಶ್ನೆ ಹಲವು ವರ್ಷಗಳಿಂದ ಇತ್ಯರ್ಥವಾಗದೆ ಉಳಿದುಕೊಂಡಿದೆ. 2025ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಇತ್ಯರ್ಥಪಡಿಸುತ್ತಾ, ಮೂರು ತಿಂಗಳೊಳಗೆ ತಜ್ಞರ ಸಮಿತಿ ಈ ಬಗ್ಗೆ ಶಿಫಾರಸು ಕೊಡಬೇಕು ಎಂದಿತು. ಜುಲೈಯಲ್ಲಿ ಸರಕಾರ ಮತ್ತೆ ಕಾಲಾವಕಾಶ ಕೇಳಿತು, ಕೋರ್ಟ್ ಇನ್ನೂ ಮೂರು ತಿಂಗಳು ಕೊಟ್ಟಿತು. ಆ ಗಡುವೂ ದಾಟಿತು. ಪ್ಯಾಕೆಟಿನ ಮುಂಭಾಗ ಮಾತ್ರ ಮೊದಲಿದ್ದ ಹಾಗೇ ಉಂಟು.

ಇದರ ಮಧ್ಯೆ ಇನ್ನೊಂದು ಬದಲಾವಣೆ ಆಯ್ತು. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟು, ನೂಡಲ್ಸ್, ಕುರುಕಲು ತಿಂಡಿಗಳ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು. ಗ್ಯಾಸ್ ತುಂಬಿದ ತಂಪು ಪಾನೀಯಗಳನ್ನು ಮಾತ್ರ ಶೇ. 40ರ ಸಾಲಿಗೆ ಸೇರಿಸಿದರು. ಬೆಲೆ ಇಳಿದದ್ದು ಬಡವನಿಗೆ ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಬೆಲೆ ಇಳಿಸುವ ಕೆಲಸ ಒಂದೇ ದಿನದಲ್ಲಿ ದೇಶವಿಡೀ ಜಾರಿಯಾಗುತ್ತದೆ, ಎಚ್ಚರಿಕೆ ಮುದ್ರಿಸುವ ಕೆಲಸ ಮಾತ್ರ ವರ್ಷಗಟ್ಟಲೆ ಸಮಿತಿಯಲ್ಲೇ ಕೂರುತ್ತದೆ ಅಂದರೆ ಎಂತ ಅರ್ಥ?

ನಮಗೆ ಇದು ದೂರದ ವಿಷಯ ಅಲ್ಲ. ಐಸಿಎಂಆರ್ ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ. ಬಿ.ಪಿ. ಇರುವವರು ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ನಮ್ಮ ಪಳ್ಳಿಗಳ ಮೊದಲ ಸಫ್‌ನಲ್ಲಿ ನಿಲ್ಲುವ ಹಿರಿಯರನ್ನು ಕೇಳಿ ನೋಡಿ, ಜೇಬಿನಲ್ಲಿ ಮಾತ್ರೆ ಇಲ್ಲದವರು ಎಷ್ಟು ಮಂದಿ ಸಿಗುತ್ತಾರೆ? ಈಗೀಗ ಮೂವತ್ತರ ಹುಡುಗರೂ ಆ ಸಾಲಿಗೆ ಸೇರುತ್ತಿದ್ದಾರೆ.

ಹಲಾಲ್ ನೋಡುವ ಕಣ್ಣು ನಮಗೆ ಮೊದಲೇ ಉಂಟು

ಪ್ಯಾಕೆಟ್ ತಿರುಗಿಸಿ ಓದುವ ಅಭ್ಯಾಸ ನಮ್ಮ ಸಮುದಾಯಕ್ಕೆ ಹೊಸದಲ್ಲ. ಬಿಸ್ಕತ್ತಿನಲ್ಲಿ ಜೆಲಾಟಿನ್ ಉಂಟಾ, 120 ಎಂಬ ಕೆಂಪು ಬಣ್ಣ ಹುಳದಿಂದ ಬಂದದ್ದಾ, 471 ಸಸ್ಯದ ಕೊಬ್ಬಾ ಪ್ರಾಣಿಯ ಕೊಬ್ಬಾ ಎಂದೆಲ್ಲ ನಮ್ಮ ಉಮ್ಮಂದಿರು, ಕಾಲೇಜು ಮಕ್ಕಳು ಉಸ್ತಾದರ ಹತ್ತಿರ ಕೇಳುವುದುಂಟು. ಇಂಥ ಸಂಖ್ಯೆಗಳ ಪಟ್ಟಿ ವಾಟ್ಸಪ್‌ನಲ್ಲಿ ಆಗಾಗ ಸುತ್ತುತ್ತಲೇ ಇರುತ್ತದೆ. ತಿನ್ನುವುದಕ್ಕೆ ಮೊದಲು ಅದು ಎಂತದ್ದು ಎಂದು ತಿಳಿಯಬೇಕು ಎಂಬ ಎಚ್ಚರ ನಮ್ಮಲ್ಲಿ ಉಂಟು.

ಆದರೆ ಆ ಎಚ್ಚರ ಅರ್ಧದಲ್ಲೇ ನಿಲ್ಲುತ್ತದೆ. ಪವಿತ್ರ ಕುರ್‌ಆನ್ ಅಲ್ ಬಖರದ 168ನೇ ಆಯತ್‌ನಲ್ಲಿ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಎಂಬ ಒಂದೇ ಪದ ಬಳಸುವುದಿಲ್ಲ, ಅದರ ಜೊತೆ ತಯ್ಯಿಬ್ ಎಂಬ ಪದವನ್ನೂ ಸೇರಿಸುತ್ತದೆ. ತಯ್ಯಿಬ್ ಅಂದರೆ ಒಳ್ಳೆಯದು, ಶುದ್ಧವಾದದ್ದು. ಹಲಾಲ್ ಮುದ್ರೆ ನಮಗೆ ಮೊದಲನೆಯದನ್ನು ಹೇಳುತ್ತದೆ, ಎರಡನೆಯದರ ಬಗ್ಗೆ ಏನೂ ಹೇಳುವುದಿಲ್ಲ. ನೂರು ಮಿಲಿಗೆ 10 ಗ್ರಾಂ ಸಕ್ಕರೆ ಇರುವ ಪಾನೀಯ ಹಲಾಲ್ ಇರಬಹುದು. ಅದರ 250 ಮಿಲಿ ಬಾಟಲಿ ಕುಡಿದರೆ ಹೊಟ್ಟೆಗೆ ಹೋಗುವುದು 25 ಗ್ರಾಂ, ಹೆಚ್ಚುಕಡಿಮೆ ಆರು ಚಮಚ ಸಕ್ಕರೆ. ಮನೆಯಲ್ಲಿ ಒಂದು ಗ್ಲಾಸ್ ಚಾಯಕ್ಕೆ ಆರು ಚಮಚ ಸಕ್ಕರೆ ಹಾಕಿ ಮಗುವಿಗೆ ಕೊಡುವ ಉಮ್ಮ ಇದ್ದಾರಾ? ಬಾಟಲಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಹಿಂದೆ ಬರೆದದ್ದು ಯಾರಿಗೆ ಕಾಣುತ್ತದೆ?

ಕಂಪೆನಿಯವರು ಹೇಳಬಹುದು, ನಾವು ಎಲ್ಲವನ್ನೂ ಬರೆದಿದ್ದೇವಲ್ಲ ಎಂದು. ಹೌದು, ಬರೆದಿದ್ದಾರೆ. ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಪ್ಯಾಕೆಟಿನ ಮೇಲೆ ನಾವು ನೋಡುವ ಎಫ್‌ಎಸ್‌ಎಸ್‌ಎಐ, 2020ರಲ್ಲಿ ಮಾಡಿದ ಲೇಬಲ್ ನಿಯಮಗಳ ಪ್ರಕಾರ ಶಕ್ತಿ, ಪ್ರೊಟೀನ್, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಕೊಬ್ಬು, ಸೋಡಿಯಂ ಎಲ್ಲವನ್ನೂ ನಮೂದಿಸಬೇಕು. ಬಳಸಿದ ಪದಾರ್ಥಗಳ ಪಟ್ಟಿಯೂ ಬೇಕು, ತೂಕದಲ್ಲಿ ಹೆಚ್ಚಿರುವುದು ಮೊದಲು ಬರಬೇಕು. ಕಾನೂನು ಚೆನ್ನಾಗಿಯೇ ಉಂಟು. ಆದರೆ ಇದೆಲ್ಲ ಇರುವುದು ಪ್ಯಾಕೆಟಿನ ಬೆನ್ನಿಗೆ, ಮಡಚಿದ ಅಂಚಿನ ಹತ್ತಿರ, ಇರುವೆ ಸಾಲಿನಂಥ ಅಕ್ಷರದಲ್ಲಿ. ಮುಂದೆ ಇರುವುದು ಹಣ್ಣಿನ ಚಿತ್ರ, ಓಡುವ ಹುಡುಗ, ಹಾಲಿನ ಲೋಟ.

ಭಾಷೆಯ ಕಥೆ ಇನ್ನೂ ಬೇರೆ. ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ನಿಯಮ. ಬೇರೆ ಭಾಷೆಯಲ್ಲಿ ಬರೆಯಲು ಅಡ್ಡಿ ಇಲ್ಲ, ಕಡ್ಡಾಯವೂ ಇಲ್ಲ. ಕಡ್ಡಾಯ ಇಲ್ಲದ ಮೇಲೆ ಕನ್ನಡದಲ್ಲಿ ಬರೆಯುವವರು ಯಾರು? ನಮ್ಮಲ್ಲಿ ಮನೆಯ ಸಾಮಾನಿನ ಪಟ್ಟಿ ಮಾಡುವವರು ಹೆಚ್ಚಾಗಿ ಉಮ್ಮಂದಿರು. ಮಾತಾಡುವುದು ಬ್ಯಾರಿ, ಓದುವುದು ಕನ್ನಡ. ಹಿರಿಯರಲ್ಲಿ ಕೆಲವರು ಅರಬಿ ಲಿಪಿಯಲ್ಲಿ ಬರೆದ ಮಲಯಾಳವನ್ನು ಸರಾಗವಾಗಿ ಓದುತ್ತಾರೆ. ಅಂಥವರ ಕೈಗೆ ಇಂಗ್ಲಿಷ್ ಕೋಷ್ಟಕ ಕೊಟ್ಟು, "ಎಲ್ಲ ಬರೆದಿದ್ದೇವೆ, ನೋಡಿ ತೆಗೆದುಕೊಳ್ಳಿ" ಅಂದರೆ ಅದು ನ್ಯಾಯವಾ ಮಾರಾಯ್ರೆ?

ಅದೇ ಪ್ಯಾಕೆಟಿನಲ್ಲಿ ಹಸಿರು ಚುಕ್ಕೆ ನೋಡಿ. ಎರಡು ದಶಕಕ್ಕೂ ಹಿಂದೆ ಬಂದ ಆ ಗುರುತಿಗೆ ಭಾಷೆ ಬೇಡ, ಕನ್ನಡಕ ಬೇಡ. ಚೌಕದ ಒಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಎಂದು ಒಂದನೇ ಕ್ಲಾಸಿನ ಮಗುವೂ ಹೇಳುತ್ತದೆ. ಮಾಂಸಾಹಾರದ ಕಂದು ಚುಕ್ಕೆಯನ್ನು ಆಮೇಲೆ ತ್ರಿಕೋನ ಮಾಡಿದರು, ಬಣ್ಣ ಗುರುತಿಸಲು ಕಷ್ಟ ಇರುವವರಿಗೂ ಗೊತ್ತಾಗಲಿ ಎಂದು. ಅಂದರೆ ಮನಸ್ಸು ಮಾಡಿದರೆ ಎಲ್ಲರಿಗೂ ಅರ್ಥವಾಗುವ ಗುರುತು ಮಾಡಲು ನಮ್ಮ ದೇಶಕ್ಕೆ ಬರುತ್ತದೆ.

ಸ್ಟಾರ್ ಕೊಡುವುದೋ, ಎಚ್ಚರಿಸುವುದೋ?

ಮನಸ್ಸು ಮಾಡಿದ್ದೂ ಉಂಟು. 2018ರಲ್ಲಿ ಪ್ರಾಧಿಕಾರ ಒಂದು ಕರಡು ತಂದಿತ್ತು. ಕೊಬ್ಬು, ಸಕ್ಕರೆ, ಉಪ್ಪು ಮಿತಿ ಮೀರಿದರೆ ಮುಂಭಾಗದಲ್ಲಿ ಕೆಂಪು ಬಣ್ಣದಲ್ಲಿ ತೋರಿಸಬೇಕು ಎಂಬ ಕರಡು ಅದು. ಉದ್ಯಮದವರು ಒಪ್ಪಲಿಲ್ಲ. ಕರಡು ಮತ್ತೊಂದು ಸಮಿತಿಗೆ ಹೋಯಿತು. 2020ರಲ್ಲಿ ಬಂದ ನಿಯಮದಲ್ಲಿ ಕೆಂಪು ಇರಲೇ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊಸ ಕರಡು ಬಂತು. ಈ ಬಾರಿ ಕೆಂಪಿನ ಬದಲು ನಕ್ಷತ್ರಗಳು. ಅರ್ಧ ಸ್ಟಾರಿನಿಂದ ಐದು ಸ್ಟಾರಿನವರೆಗೆ ಅಂಕ. ಅದೂ ಮೊದಲ ನಾಲ್ಕು ವರ್ಷ ಕಂಪೆನಿಗಳಿಗೆ ಕಡ್ಡಾಯ ಅಲ್ಲ. ಆ ಕರಡಿಗೆ 14 ಸಾವಿರಕ್ಕೂ ಹೆಚ್ಚು ಸಲಹೆ, ಆಕ್ಷೇಪಣೆ ಬಂದವು. ಚರ್ಚೆ ಈಗ ನಿಂತಿರುವುದು ಇಲ್ಲೇ.

ಸ್ಟಾರ್ ಪದ್ಧತಿಯ ಪರವಾಗಿ ಹೇಳುವವರ ಮಾತಲ್ಲಿ ಸ್ವಲ್ಪ ಹುರುಳುಂಟು. ಒಂದೇ ಬಗೆಯ ಎರಡು ಪ್ಯಾಕೆಟ್ ಹೋಲಿಸಲು ಅದು ಸುಲಭ. ಎಚ್ಚರಿಕೆ ಮುದ್ರೆ ಹಾಕಿದರೆ ತುಪ್ಪ, ಉಪ್ಪಿನಕಾಯಿ, ಮಿಕ್ಸ್ಚರ್ ಎಲ್ಲವೂ ಕೆಂಪಾಗುತ್ತದೆ, ನಮ್ಮ ಊಟವೇ ವಿಷ ಎಂಬಂತೆ ಕಾಣುತ್ತದೆ ಎಂಬುದು ಅವರ ಆತಂಕ. ಆದರೆ ಸ್ಟಾರಿನ ತೊಡಕು ಅದಕ್ಕಿಂತ ದೊಡ್ಡದು. ಆ ಲೆಕ್ಕದಲ್ಲಿ ಸಕ್ಕರೆ, ಉಪ್ಪಿಗೆ ಅಂಕ ಕಳೆಯುತ್ತಾರೆ, ನಾರು, ಪ್ರೊಟೀನ್, ಹಣ್ಣು, ಬೀಜ, ಕಾಳಿಗೆ ಅಂಕ ಕೂಡಿಸುತ್ತಾರೆ. ಸಕ್ಕರೆ ತುಂಬಿದ ತಿಂಡಿಗೆ ಒಂದಿಷ್ಟು ನಾರು, ಬಾದಾಮಿ ಸೇರಿಸಿದರೆ ಸ್ಟಾರ್ ಮೇಲೇರಬಹುದು. ಸಕ್ಕರೆ ಕಾಯಿಲೆಯವನಿಗೆ ಬೇಕಾದದ್ದು ಸಕ್ಕರೆ ಎಷ್ಟು ಎಂಬ ಉತ್ತರ, ಬಿ.ಪಿ. ಇರುವವನಿಗೆ ಉಪ್ಪು ಎಷ್ಟು ಎಂಬ ಉತ್ತರ. ಎಲ್ಲವನ್ನೂ ಕಲಸಿ ಮೂರು ಸ್ಟಾರ್ ಕೊಟ್ಟರೆ ಇಬ್ಬರಿಗೂ ಉತ್ತರ ಸಿಗುವುದಿಲ್ಲ.

ಇನ್ನೊಂದು ಮಾತು, ಮಕ್ಕಳಿಗೆ ಕಲಿಸುವವರೆಲ್ಲರಿಗೂ ಗೊತ್ತಿರುವುದು. ಚೆನ್ನಾಗಿ ಬರೆದ ಮಗುವಿನ ಪುಸ್ತಕದಲ್ಲಿ ನಾವು ಸ್ಟಾರ್ ಹಾಕುತ್ತೇವೆ. ಸ್ಟಾರ್ ಅಂದರೆ ಶಹಬ್ಬಾಸ್ ಎಂದು ಅರ್ಥ. ಒಂದೇ ಸ್ಟಾರ್ ಇದ್ದರೂ ಮಗು ಕುಣಿಯುತ್ತಾ ಮನೆಗೆ ಹೋಗುತ್ತದೆ. ಅದೇ ಸ್ಟಾರನ್ನು ಚಿಪ್ಸ್ ಪ್ಯಾಕೆಟಿನ ಮೇಲೆ ಹಾಕಿ, ಇದು ಕಡಿಮೆ ಅಂಕ, ತಿನ್ನಬೇಡ ಅಂದರೆ ಆ ಮಗುವಿಗೆ ಅರ್ಥವಾಗುವುದು ಹೇಗೆ?

ಬೇರೆ ದೇಶಗಳು ಎಂತ ಮಾಡಿದವು?

ಚಿಲಿ ದೇಶ 2016ರಲ್ಲಿ ಬೇರೆ ದಾರಿ ಹಿಡಿಯಿತು. ಸಕ್ಕರೆ ಹೆಚ್ಚು, ಉಪ್ಪು ಹೆಚ್ಚು, ಕೊಬ್ಬು ಹೆಚ್ಚು, ಶಕ್ತಿ ಹೆಚ್ಚು ಎಂದು ಎಂಟು ಮೂಲೆಯ ಕಪ್ಪು ಮುದ್ರೆ ಪ್ಯಾಕೆಟಿನ ಮುಂದೆ ಬಂತು. ಮುದ್ರೆ ಬಿದ್ದ ತಿಂಡಿಯನ್ನು ಶಾಲೆಯಲ್ಲಿ ಮಾರುವಂತಿಲ್ಲ, ಮಕ್ಕಳಿಗೆ ಜಾಹೀರಾತು ಮಾಡುವಂತಿಲ್ಲ. ಅಲ್ಲಿ ನಡೆದ ಅಧ್ಯಯನದ ಪ್ರಕಾರ ಮುದ್ರೆ ಇರುವ ಸಿಹಿ ಪಾನೀಯಗಳ ಖರೀದಿ ಸುಮಾರು ಶೇ. 24ರಷ್ಟು ಇಳಿಯಿತು. ಮುದ್ರೆ, ಶಾಲೆಯ ನಿಯಮ, ಜಾಹೀರಾತು ನಿಷೇಧ ಮೂರೂ ಸೇರಿ ಆದ ಪರಿಣಾಮ ಅದು, ಮುದ್ರೆ ಒಂದರಿಂದಲೇ ಆದದ್ದಲ್ಲ. ಮೆಕ್ಸಿಕೊ 2020ರಲ್ಲಿ ಅದೇ ದಾರಿ ಹಿಡಿಯಿತು.

ಸಿಂಗಾಪುರ 2022ರ ಕೊನೆಯಲ್ಲಿ ಪಾನೀಯಗಳಿಗೆ ಎ, ಬಿ, ಸಿ, ಡಿ ಎಂಬ ದರ್ಜೆ ಕೊಟ್ಟಿತು. ಸಿ ಮತ್ತು ಡಿ ಬಂದರೆ ಮುಂಭಾಗದಲ್ಲಿ ತೋರಿಸಲೇಬೇಕು. ಡಿ ಬಂದ ಪಾನೀಯಕ್ಕೆ ಜಾಹೀರಾತು ಇಲ್ಲ. ಡಿ ಹಾಕಿಸಿಕೊಳ್ಳಲು ಯಾರಿಗೆ ಇಷ್ಟ? ಕಂಪೆನಿಗಳೇ ಸಕ್ಕರೆ ಕಡಿಮೆ ಮಾಡಿದವು. ಅಲ್ಲಿನ ಪ್ಯಾಕೆಟ್ ಪಾನೀಯಗಳ ಸಕ್ಕರೆಯ ಮಧ್ಯಮ ಮಟ್ಟ 2017ರಲ್ಲಿ ಶೇ. 7.1 ಇದ್ದದ್ದು 2023ಕ್ಕೆ ಶೇ. 4.6ಕ್ಕೆ ಬಂತು. ಇದನ್ನು ಗಮನಿಸಬೇಕು. ಲೇಬಲ್ ಓದದವನಿಗೂ ಲೇಬಲಿನಿಂದ ಲಾಭವಾಯಿತು, ಯಾಕೆಂದರೆ ಬಾಟಲಿಯ ಒಳಗಿನದ್ದೇ ಬದಲಾಯಿತು.

ನಮ್ಮ ಮಕ್ಕಳು ದುಡಿಯುವ ಗಲ್ಫ್ ದೇಶಗಳು ತೆರಿಗೆಯ ದಾರಿಯನ್ನೂ ಹಿಡಿದಿವೆ. ಸೌದಿ ಮತ್ತು ಯುಎಇ 2017ರಲ್ಲೇ ಗ್ಯಾಸ್ ಪಾನೀಯಗಳಿಗೆ ಶೇ. 50 ಸುಂಕ ಹಾಕಿದವು. 2026ರ ಜನವರಿಯಿಂದ ಯುಎಇ ಸಿಹಿ ಪಾನೀಯಗಳ ಸುಂಕವನ್ನು ಅದರಲ್ಲಿರುವ ಸಕ್ಕರೆಗೆ ತಕ್ಕಂತೆ ಲೆಕ್ಕ ಹಾಕುವ ಪದ್ಧತಿಗೆ ಬದಲಾಯಿಸಿದೆ. ಸಕ್ಕರೆ ಹೆಚ್ಚಾದಷ್ಟೂ ಸುಂಕ ಹೆಚ್ಚು. ಸೌದಿಯಲ್ಲಿ 2019ರಿಂದ ಹೋಟೆಲಿನ ಮೆನುವಿನಲ್ಲಿ ಕ್ಯಾಲೊರಿ ಬರೆಯಬೇಕು. ಊರಿಗೆ ಬರುವಾಗ ಪೆಟ್ಟಿಗೆ ತುಂಬಾ ಚಾಕೊಲೇಟ್, ಕಿತ್ತಳೆ ರುಚಿಯ ಪುಡಿ ತರುವ ನಮ್ಮವರು ಅಲ್ಲಿನ ಈ ಕಾನೂನಿನ ಸುದ್ದಿಯನ್ನೂ ಜೊತೆಗೆ ತಂದರೆ ಒಳ್ಳೆಯದಿತ್ತು.

ಹೆಸರು ಒಂದು, ಒಳಗಿನದ್ದು ಇನ್ನೊಂದು

ನಮ್ಮ ದೇಶದಲ್ಲಿ ಏನೂ ಆಗಲಿಲ್ಲ ಎನ್ನುವುದೂ ಸರಿಯಲ್ಲ. ವನಸ್ಪತಿ, ಎಣ್ಣೆಯಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದು ಎಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲುಂಟು. 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳು ಮಾಲ್ಟ್ ಪುಡಿಗಳನ್ನು "ಹೆಲ್ತ್ ಡ್ರಿಂಕ್" ಸಾಲಿನಿಂದ ತೆಗೆಯಬೇಕೆಂದು ಸರಕಾರ ಹೇಳಿತು, ಯಾಕೆಂದರೆ ಕಾನೂನಿನಲ್ಲಿ ಹಾಗೊಂದು ವರ್ಗವೇ ಇಲ್ಲ. ಅದೇ ವರ್ಷ ಜೂನ್‌ನಲ್ಲಿ, ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸಿನ ಮೇಲೆ "ನೂರಕ್ಕೆ ನೂರು ಹಣ್ಣಿನ ರಸ" ಎಂದು ಬರೆಯಬಾರದು ಎಂದು ಪ್ರಾಧಿಕಾರ ಆದೇಶ ಮಾಡಿತು.

2025ರ ಅಕ್ಟೋಬರ್‌ನಲ್ಲಿ ಬಂದ ಆದೇಶ ಇನ್ನೂ ಮುಖ್ಯ. ವಾಂತಿ ಭೇದಿ ಆದ ಮಗುವಿಗೆ ಕೊಡುವ ಒಆರ್‌ಎಸ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಅಳತೆ ಉಂಟು. ಆ ಅಳತೆ ಇಲ್ಲದ ಸಿಹಿ ಪಾನೀಯಗಳು ಒಆರ್‌ಎಸ್ ಎಂಬ ಅಕ್ಷರ ಹಾಕಿಕೊಂಡು ಮಾರಾಟವಾಗುತ್ತಿದ್ದವು. ಸಕ್ಕರೆ ಹೆಚ್ಚಾದರೆ ಭೇದಿ ಇನ್ನೂ ಜಾಸ್ತಿ ಆಗುತ್ತದೆ. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಎಂಟು ವರ್ಷ ಹೋರಾಡಿದರು. ಕೊನೆಗೆ ಆ ಹೆಸರು ಬಳಸಬಾರದು ಎಂಬ ಆದೇಶ ಬಂತು. ಮೂರು ಅಕ್ಷರ ತೆಗೆಸಲು ಎಂಟು ವರ್ಷ ಬೇಕಾಯಿತು! ಮುಂಭಾಗದ ಅಕ್ಷರಕ್ಕೆ ಎಷ್ಟು ಬೆಲೆ ಉಂಟು ಎಂದು ಇದರಿಂದಲೇ ಗೊತ್ತಾಗುತ್ತದೆ. ಬೆನ್ನಿಗೆ ಬರೆದದ್ದನ್ನು ಜನ ಓದಿಯೇ ಕೊಳ್ಳುತ್ತಾರೆ ಅಂತಾಗಿದ್ದರೆ ಕಂಪೆನಿಗಳು ಮುಂಭಾಗಕ್ಕೆ ಇಷ್ಟು ಹೋರಾಡುತ್ತಿರಲಿಲ್ಲ.

ಮದೀನದ ಮಾರುಕಟ್ಟೆಯ ಪಾಠ

ಅಬೂಹುರೈರಾ(ರ)ರಿಂದ ವರದಿಯಾದ, ಸಹೀಹ್ ಮುಸ್ಲಿಮಿನಲ್ಲಿರುವ ಘಟನೆ ಎಲ್ಲರಿಗೂ ಗೊತ್ತುಂಟು. ಪ್ರವಾದಿ(ಸ)ರು ಧಾನ್ಯದ ರಾಶಿಯೊಂದರ ಒಳಗೆ ಕೈ ಹಾಕಿದರು, ಬೆರಳಿಗೆ ಒದ್ದೆ ತಗುಲಿತು. ಇದೇನೆಂದು ಕೇಳಿದಾಗ ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು. ವಂಚಿಸುವವನು ತನ್ನವನಲ್ಲ ಎಂದೂ ಎಚ್ಚರಿಸಿದರು.

ಈ ಹದೀಸನ್ನು ನಾವು ತೂಕದಲ್ಲಿ ಮೋಸ, ಕಲಬೆರಕೆಯ ಮಾತು ಬಂದಾಗ ಹೇಳುತ್ತೇವೆ. ಆದರೆ ಇನ್ನೊಮ್ಮೆ ಗಮನಿಸಿ. ವ್ಯಾಪಾರಿ ಸುಳ್ಳು ಹೇಳಲಿಲ್ಲ, ಕೇಳಿದ ಕೂಡಲೇ ನಿಜ ಹೇಳಿದ. ಒದ್ದೆ ಧಾನ್ಯ ಮಾರಲೇಬೇಡ ಎಂದೂ ಅಲ್ಲಿ ಹೇಳಲಿಲ್ಲ. ಆಕ್ಷೇಪ ಇದ್ದದ್ದು ಒದ್ದೆ ಎಲ್ಲಿತ್ತು ಎಂಬುದಕ್ಕೆ. ಅದು ಕೆಳಗಿತ್ತು, ಮೇಲೆ ಇರಬೇಕಿತ್ತು. ಕೊಳ್ಳುವವನು ರಾಶಿಗೆ ಕೈ ಹಾಕಿ ಹುಡುಕುವ ಹಾಗೆ ಮಾಡಬಾರದು, ಕುಂದು ಹೇಳುವ ಹೊಣೆ ಮಾರುವವನದ್ದು. ಇಂದಿನ ಪ್ಯಾಕೆಟಿಗೆ ಇದು ಅಕ್ಷರಶಃ ಹೊಂದುತ್ತದೆ. ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಸತ್ಯ ಬರೆದದ್ದು ಸುಳ್ಳಲ್ಲ, ಆದರೆ ಅದು ರಾಶಿಯ ಕೆಳಗಿನ ಸತ್ಯ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಕೆಲವು ಸುಲಭ ಲೆಕ್ಕಗಳು ಉಂಟು.

"ಪರ್ ಸರ್ವ್" ಎಂಬ ಸಾಲು ಬಿಟ್ಟು 100 ಗ್ರಾಂ ಅಥವಾ 100 ಮಿಲಿ ಎಂಬ ಸಾಲು ನೋಡಿ. ಒಂದು ಸರ್ವ್ ಅಂದರೆ ಎರಡು ಬಿಸ್ಕತ್ತು ಎಂದು ಅವರು ಬರೆದಿರಬಹುದು, ನಮ್ಮ ಮಗು ಎರಡಕ್ಕೆ ನಿಲ್ಲುವುದಿಲ್ಲ. 100 ಗ್ರಾಂಗೆ 25 ಗ್ರಾಂ ಸಕ್ಕರೆ ಅಂತ ಇದ್ದರೆ, ಅದರ ಕಾಲು ಭಾಗ ಸಕ್ಕರೆಯೇ. ಬ್ರಿಟನ್ನಿನ ಬಣ್ಣದ ಲೇಬಲ್ ಪದ್ಧತಿಯಲ್ಲಿ 22.5 ಗ್ರಾಂ ದಾಟಿದರೆ ಕೆಂಪು, 5 ಗ್ರಾಂ ಒಳಗಿದ್ದರೆ ಹಸಿರು.

ಸೋಡಿಯಂ ಅಂದರೆ ಉಪ್ಪಿನ ಒಂದು ಅಂಶ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ದೊಡ್ಡವರಿಗೆ ದಿನಕ್ಕೆ 2,000 ಮಿಲಿಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು ಮಿತಿ. ನೂಡಲ್ಸಿನ ಒಂದು ಪ್ಯಾಕೆಟಿನಲ್ಲಿ 1,000 ಅಂತ ಕಂಡರೆ ಅರ್ಧ ದಿನದ ಉಪ್ಪು ಅಲ್ಲೇ ಮುಗಿಯಿತು.

ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಮೂರು ಹೆಸರು ಓದಿ. ಸಕ್ಕರೆ ಅಲ್ಲಿ ಕಂಡರೆ ಅದು ಸಿಹಿತಿಂಡಿ ಎಂದೇ ತಿಳಿಯಿರಿ, ಹೆಸರು ಏನೇ ಇರಲಿ. ಲಿಕ್ವಿಡ್ ಗ್ಲುಕೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಲ್ಲವೂ ಸಕ್ಕರೆಯ ಸಂಬಂಧಿಕರೇ. "ನೋ ಆಡೆಡ್ ಶುಗರ್" ಅಂದರೆ ಸಕ್ಕರೆಯೇ ಇಲ್ಲ ಎಂದಲ್ಲ, ಹೊರಗಿನಿಂದ ಸೇರಿಸಿಲ್ಲ ಎಂದು ಮಾತ್ರ.

ಲೇಬಲಿಗೂ ಮಿತಿ ಉಂಟು. ಬೇಕರಿಯಲ್ಲಿ ಬಿಡಿಯಾಗಿ ಸಿಗುವ ಬನ್ನು, ಪಫ್, ಕೇಕಿಗೆ ಲೇಬಲ್ ಇಲ್ಲ. ತೀರಾ ಚಿಕ್ಕ ಪೊಟ್ಟಣಗಳಿಗೆ ಪೌಷ್ಟಿಕಾಂಶದ ವಿವರ ಬರೆಯುವುದರಿಂದ ವಿನಾಯಿತಿ ಉಂಟು. ಮದ್ರಸ ಬಿಟ್ಟ ಕೂಡಲೇ ಎದುರಿನ ಗೂಡಂಗಡಿಯಲ್ಲಿ ಮಕ್ಕಳು ಕೊಳ್ಳುವುದು ಇಂಥವನ್ನೇ. ಅಲ್ಲಿ ಕಾನೂನಿಗಿಂತ ಮನೆಯವರ ಮಾತೇ ನಡೆಯಬೇಕು.

ಆದ್ದರಿಂದ ನಮ್ಮ ಜಮಾಅತ್ ಕಮಿಟಿಗಳ ಹತ್ತಿರ ಒಂದು ವಿನಂತಿ. ಮೀಲಾದ್ ಬಂದಾಗ ಮಕ್ಕಳಿಗೆ ಹಂಚಲು ಜ್ಯೂಸ್, ಚಿಪ್ಸ್, ಚಾಕೊಲೇಟ್ ಪ್ಯಾಕೆಟ್ ಪೆಟ್ಟಿಗೆಗಟ್ಟಲೆ ತರುತ್ತೇವೆ. ನೋಂಬು ತುರೆಗೆ ಬಣ್ಣದ ಶರ್ಬತ್ ಡ್ರಮ್ಮಿನಲ್ಲಿ ಕದಡುತ್ತೇವೆ. ತರುವ ಮೊದಲು ಯಾರಾದರೂ ಒಬ್ಬರು ಪ್ಯಾಕೆಟ್ ತಿರುಗಿಸಿ ಓದಲಿ. ಜ್ಯೂಸಿನ ಬದಲು ಬಾಳೆಹಣ್ಣು, ಶರ್ಬತ್ತಿನ ಬದಲು ಎಳನೀರು, ಲಿಂಬೆ ನೀರು, ಮಜ್ಜಿಗೆ ಆಗಬಹುದಲ್ಲವಾ? ಖತೀಬರು ಜುಮಾದ ಭಾಷಣದಲ್ಲಿ ಹಲಾಲ್ ಎಂದು ಹೇಳುವಾಗ ತಯ್ಯಿಬ್ ಎಂಬುದನ್ನೂ ಬಿಡಿಸಿ ಹೇಳಲಿ. ಲೇಬಲ್ ತಪ್ಪಿದ್ದರೆ, ಅವಧಿ ಮೀರಿದ್ದರೆ ಪ್ರಾಧಿಕಾರದ "ಫುಡ್ ಸೇಫ್ಟಿ ಕನೆಕ್ಟ್" ಆ್ಯಪಿನಲ್ಲಿ ದೂರು ಕೊಡಬಹುದು, ನಮ್ಮ ಕಾಲೇಜು ಮಕ್ಕಳಿಗೆ ಅದು ಐದು ನಿಮಿಷದ ಕೆಲಸ.

ಸರಕಾರದ ಹತ್ತಿರ ಕೇಳಬೇಕಾದದ್ದು ಎರಡೇ. ಎಚ್ಚರಿಕೆ ಮುಂಭಾಗದಲ್ಲಿ ಬರಲಿ, ಅಕ್ಷರ ಗೊತ್ತಿಲ್ಲದವರಿಗೂ ತಿಳಿಯುವ ಗುರುತಿನಲ್ಲಿ ಬರಲಿ. ಜೊತೆಗೆ ಕರ್ನಾಟಕದಲ್ಲಿ ಮಾರುವ ಪ್ಯಾಕೆಟಿನ ಮೇಲೆ ಅದು ಕನ್ನಡದಲ್ಲೂ ಇರಲಿ. ಈ ಬೇಡಿಕೆ ಒಂದು ಸಮುದಾಯದ್ದಲ್ಲ, ಸಕ್ಕರೆ ಕಾಯಿಲೆಗೆ ಜಾತಿ ಧರ್ಮ ಇಲ್ಲ. ಆದರೆ ಒದ್ದೆ ಧಾನ್ಯ ಮೇಲಿರಬೇಕು ಎಂಬ ಪಾಠವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವ ನಾವು ಈ ಬೇಡಿಕೆಯನ್ನು ಎಲ್ಲರಿಗಿಂತ ಮೊದಲು, ಎಲ್ಲರ ಪರವಾಗಿ ಕೇಳಬೇಕಾದವರು.